ಕಂಪೈಲ್ ಆಯ್ತು, ಆದ್ರೆ ಓಡ್ತಿಲ್ಲ: ಶೇರ್ಡ್ ಲೈಬ್ರರಿ ಲಿಂಕ್ ಮಾಡುವ, ಹುಡುಕಿಸುವ ಸಮಗ್ರ ಮಾರ್ಗದರ್ಶಿ

ಸಿ ಕಲಿಯುವವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಪ್ರೋಗ್ರಾಮ್ ಬರೆದಾಯಿತು. ಕಂಪೈಲರ್ ಒಂದು ಮಾತೂ ಆಡದೆ ಕೆಲಸ ಮುಗಿಸಿತು. ಓಡಿಸಲು ಹೋದರೆ ಟರ್ಮಿನಲ್ ಹೇಳುತ್ತದೆ: 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್'. ಶೇರ್ಡ್ ಲೈಬ್ರರಿ ಅಂದರೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಫೈಲು. ಆ ಲೈಬ್ರರಿ ಕಣ್ಣೆದುರಿಗೇ ಇದೆ. ಈಗ ತಾನೇ ಅದರ ಜೊತೆಗೇ ಕಂಪೈಲ್ ಮಾಡಿದ್ದೀರಿ. ಆದರೂ 'ಫೈಲ್ ಇಲ್ಲ' ಅನ್ನುತ್ತದೆ.

ಇದಕ್ಕೆ ಕಾರಣ ಒಂದೇ. ಅದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಲೈಬ್ರರಿಯನ್ನು ಹುಡುಕುವವರು ಇಬ್ಬರು. ಮೊದಲನೆಯವನು ಕೋಡಿನ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಲಿಂಕರ್. ಇವನು ಕಂಪೈಲ್ ಆಗುವಾಗ ಹುಡುಕುತ್ತಾನೆ. ಎರಡನೆಯವನು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಮೆಮೊರಿಗೆ ತರುವ ಲೋಡರ್. ಇವನು ಪ್ರೋಗ್ರಾಮ್ ಶುರುವಾಗುವ ಪ್ರತಿ ಸಲವೂ ಹುಡುಕುತ್ತಾನೆ. ನೀವು ಲಿಂಕರ್‌ಗೆ ತೋರಿಸಿದ ದಾರಿ ಲೋಡರ್‌ಗೆ ಗೊತ್ತಿರುವುದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ದಾರಿ ಹೇಳಬೇಕು. ಈ ಬರಹ ಇಡೀ ಅದನ್ನೇ ಕೈಯಾರೆ ಮಾಡಿ ನೋಡೋಣ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಮುಖ್ಯವಾದ ಕಡೆ ಹೇಳಿಯೇ ಹೇಳುತ್ತೇನೆ. ಹೇಳದೇ ಇದ್ದರೆ ಸಣ್ಣಕ್ಷರ ಅಂದುಕೊಳ್ಳಿ. ಎಣಿಕೆ, ಲೆಕ್ಕ, ಕೋಶ ಅನ್ನುವ ಹೆಸರುಗಳಿಗೆ ನಿಮಗೆ ಒಪ್ಪುವ ಸ್ಪೆಲಿಂಗ್ ಇಟ್ಟುಕೊಳ್ಳಿ. ಎಲ್ಲ ಕಡೆ ಅದೇ ಇರಲಿ, ಅಷ್ಟೇ. ಉದಾಹರಣೆಗಳು ಉಬುಂಟು ಮತ್ತು ಡೆಬಿಯನ್ ಅನ್ನುವ ಲಿನಕ್ಸ್‌ಗಳಿಗೆ ಹೊಂದುತ್ತವೆ. 'ಬಿಲ್ಡ್-ಎಸೆನ್ಷಿಯಲ್' ಪ್ಯಾಕೇಜ್ ಹಾಕಿಕೊಂಡಿದ್ದರೆ ಸಾಕು.

ಹಂತ 1: ಒಂದು ಪುಟ್ಟ ಲೈಬ್ರರಿ ಬರೆಯೋಣ

ಎರಡು ಸಂಖ್ಯೆ ಕೂಡಿಸುವ ಉದಾಹರಣೆ ಎಲ್ಲ ಕಡೆ ಸಿಗುತ್ತದೆ. ನಾವು ನಮಗೆ ಉಪಯೋಗಕ್ಕೆ ಬರುವಂಥದ್ದನ್ನು ಮಾಡೋಣ: ಕನ್ನಡ ಪದದಲ್ಲಿ ಎಷ್ಟು ಅಕ್ಷರ ಇವೆ ಎಂದು ಎಣಿಸುವ ಫಂಕ್ಷನ್.

'ಕನ್ನಡ' ಅನ್ನುವ ಪದವನ್ನು ಸಿ ಭಾಷೆಯ 'ಸ್ಟ್ರ್‌ಲೆನ್' ಫಂಕ್ಷನ್‌ಗೆ ಕೊಟ್ಟರೆ 15 ಅನ್ನುತ್ತದೆ. ಯಾಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಈ ಪದದಲ್ಲಿ ಯೂನಿಕೋಡ್ ಚಿಹ್ನೆಗಳು 5: ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ನಾವು ಓದುವಾಗ ಎಣಿಸುವುದು ಮಾತ್ರ 3 ಅಕ್ಷರ. ಹದಿನೈದು, ಐದು, ಮೂರು. ಒಂದೇ ಪದಕ್ಕೆ ಮೂರು ಲೆಕ್ಕ. ಈ ವ್ಯತ್ಯಾಸ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

'ಕೆಲಸ' ಅನ್ನುವ ಫೋಲ್ಡರ್ ಮಾಡಿ. ಅದರೊಳಗೆ 'ಕೋಶ' ಅನ್ನುವ ಇನ್ನೊಂದು ಫೋಲ್ಡರ್. ಕೋಶದಲ್ಲಿ ಎರಡು ಫೈಲ್ ಇರಲಿ. ಎಣಿಕೆ.ಹೆಚ್ ಫೈಲಿನಲ್ಲಿ ಒಂದೇ ಸಾಲು: ಒಂದು ಸ್ಟ್ರಿಂಗ್ ತೆಗೆದುಕೊಂಡು ಇಂಟ್ ಕೊಡುವ 'ಎಣಿಸು' ಫಂಕ್ಷನ್ನಿನ ಘೋಷಣೆ. ಎಣಿಕೆ.ಸಿ ಫೈಲಿನಲ್ಲಿ ಅದರ ಒಳಗಿನ ಕೆಲಸ. ಮೊದಲ ಆವೃತ್ತಿಯಲ್ಲಿ ಯೂನಿಕೋಡ್ ಚಿಹ್ನೆಗಳನ್ನಷ್ಟೇ ಎಣಿಸೋಣ. ಉಪಾಯ ಸರಳ. ಯುಟಿಎಫ್-8ರಲ್ಲಿ ಒಂದು ಚಿಹ್ನೆಯ ಮೊದಲ ಬೈಟ್ ಬಿಟ್ಟು ಉಳಿದವೆಲ್ಲ '10' ಅನ್ನುವ ಎರಡು ಬಿಟ್‌ನಿಂದ ಶುರುವಾಗುತ್ತವೆ. ಹಾಗೆ ಶುರುವಾಗದ ಬೈಟ್‌ಗಳನ್ನು ಮಾತ್ರ ಎಣಿಸಿದರೆ ಚಿಹ್ನೆಗಳ ಸಂಖ್ಯೆ ಸಿಗುತ್ತದೆ.

ಹೊರಗಿನ 'ಕೆಲಸ' ಫೋಲ್ಡರಿನಲ್ಲಿ ಲೆಕ್ಕ.ಸಿ ಬರೆಯಿರಿ. ಅದು ಎಣಿಕೆ.ಹೆಚ್ ಅನ್ನು ಇನ್‌ಕ್ಲೂಡ್ ಮಾಡಿಕೊಂಡು, ಕಮಾಂಡ್ ಲೈನಿನಲ್ಲಿ ಕೊಟ್ಟ ಪದವನ್ನು 'ಎಣಿಸು' ಫಂಕ್ಷನ್‌ಗೆ ಕಳಿಸಿ, ಉತ್ತರವನ್ನು ಪ್ರಿಂಟ್ ಮಾಡಲಿ.

ಹಂತ 2: ಶೇರ್ಡ್ ಲೈಬ್ರರಿ ಕಟ್ಟುವುದು, ಮೂರು ಹೆಸರುಗಳು

ಕೋಶ ಫೋಲ್ಡರಿನೊಳಗೆ ಹೋಗಿ ಈ ಎರಡು ಕಮಾಂಡ್ ಕೊಡಿ (ಜಿಸಿಸಿ ಅನ್ನುವುದು ಸಿ ಕಂಪೈಲರ್):

ಜಿಸಿಸಿ -ಎಫ್‌ಪಿಐಸಿ -ಸಿ ಎಣಿಕೆ.ಸಿ

ಜಿಸಿಸಿ -ಶೇರ್ಡ್ -ಡಬ್ಲ್ಯುಎಲ್,-ಎಸ್‌ಓನೇಮ್,ಲಿಬ್‌ಎಣಿಕೆ.ಎಸ್‌ಓ.1 -ಓ ಲಿಬ್‌ಎಣಿಕೆ.ಎಸ್‌ಓ.1.0 ಎಣಿಕೆ.ಓ

ಮೊದಲನೆಯದರಲ್ಲಿ ಎಫ್ ಸಣ್ಣದು, ಪಿಐಸಿ ದೊಡ್ಡಕ್ಷರ. ಶೇರ್ಡ್ ಲೈಬ್ರರಿ ಮೆಮೊರಿಯ ಯಾವ ಜಾಗದಲ್ಲಿ ಕೂರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಎಲ್ಲಿ ಕೂತರೂ ಓಡುವಂಥ ಕೋಡ್ ಬೇಕು. ಆ ಆಪ್ಷನ್ ಕೇಳುವುದು ಅದನ್ನೇ. ಎರಡನೆಯದರಲ್ಲಿ ಡಬ್ಲ್ಯು ದೊಡ್ಡದು, ಎಲ್ ಸಣ್ಣದು. ಅದರ ಅರ್ಥ 'ಮುಂದಿನ ಮಾತು ನಿನಗಲ್ಲ, ಲಿಂಕರ್‌ಗೆ ತಲುಪಿಸು' ಎಂದು. ಅಲ್ಪವಿರಾಮಗಳ ನಡುವೆ ಜಾಗ ಬಿಡಬೇಡಿ.

ಈಗ ಎರಡು ಸಿಂಬಾಲಿಕ್ ಲಿಂಕ್, ಅಂದರೆ ಇನ್ನೊಂದು ಫೈಲಿನ ಕಡೆ ಬೆರಳು ತೋರಿಸುವ ಹೆಸರುಗಳು:

ಎಲ್‌ಎನ್ -ಎಸ್ ಲಿಬ್‌ಎಣಿಕೆ.ಎಸ್‌ಓ.1.0 ಲಿಬ್‌ಎಣಿಕೆ.ಎಸ್‌ಓ.1

ಎಲ್‌ಎನ್ -ಎಸ್ ಲಿಬ್‌ಎಣಿಕೆ.ಎಸ್‌ಓ.1 ಲಿಬ್‌ಎಣಿಕೆ.ಎಸ್‌ಓ

ಒಂದೇ ಲೈಬ್ರರಿಗೆ ಮೂರು ಹೆಸರು ಯಾಕೆ ಅಂತ ಕೇಳಬಹುದು. ಮೂರಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ. ಕೊನೆಯಲ್ಲಿ ಅಂಕಿಯೇ ಇಲ್ಲದ ಹೆಸರು ಲಿಂಕರ್‌ಗೆ. ಕೊನೆಯಲ್ಲಿ 1 ಇರುವುದು ಲೋಡರ್‌ಗೆ. ಇದನ್ನೇ ಎಸ್‌ಓನೇಮ್ ಅನ್ನುತ್ತಾರೆ. 1.0 ಇರುವುದು ನಿಜವಾದ ಫೈಲು. ಎಸ್‌ಓನೇಮ್ ಫೈಲಿನ ಒಳಗೂ ಬರೆದಿರುತ್ತದೆ. ಲಿಂಕರ್ ಈ ಫೈಲನ್ನು ತೆರೆದಾಗ ಆ ಹೆಸರನ್ನು ಓದಿ, ನಿಮ್ಮ ಪ್ರೋಗ್ರಾಮ್‌ನೊಳಗೆ ನಕಲು ಮಾಡಿಡುತ್ತಾನೆ. ಅಂದರೆ ನೀವು ಯಾವ ಹೆಸರಿನಿಂದ ಲಿಂಕ್ ಮಾಡಿದಿರೋ ಆ ಹೆಸರನ್ನಲ್ಲ. ಲೈಬ್ರರಿ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೋ ಆ ಹೆಸರನ್ನು.

ಎಸ್‌ಓನೇಮ್ ಕೊಡದೆ ಬಿಟ್ಟರೆ ಒಂದು ಕೆಟ್ಟ ತೊಂದರೆ ಇದೆ. ಆಗ ಲೈಬ್ರರಿಯನ್ನು 'ಕೋಶ/ಲಿಬ್‌ಎಣಿಕೆ.ಎಸ್‌ಓ' ಅಂತ ಪಾತ್ ಸಮೇತ ಕಂಪೈಲರ್‌ಗೆ ಕೊಟ್ಟರೆ, ಆ ಪಾತ್ ಹಾಗೇ ಪ್ರೋಗ್ರಾಮ್‌ನೊಳಗೆ ಕೂತುಬಿಡುತ್ತದೆ. ಹೆಸರಿನಲ್ಲಿ ಸ್ಲ್ಯಾಷ್ ಇದ್ದರೆ ಲೋಡರ್ ಹುಡುಕುವುದೇ ಇಲ್ಲ, ನೇರ ಆ ಪಾತ್‌ಗೆ ಹೋಗುತ್ತಾನೆ. 'ಕೆಲಸ' ಫೋಲ್ಡರಿನಲ್ಲಿ ನಿಂತು ಓಡಿಸಿದರೆ ಓಡುತ್ತದೆ, ಬೇರೆ ಫೋಲ್ಡರಿನಿಂದ ಓಡಿಸಿದರೆ ಇಲ್ಲ. ನೋಡಿದವರಿಗೆ ಏನಾಗುತ್ತಿದೆ ಅಂತಲೇ ತಿಳಿಯುವುದಿಲ್ಲ. ಅದಕ್ಕೇ ಎಷ್ಟೇ ಚಿಕ್ಕ ಲೈಬ್ರರಿ ಆದರೂ ಎಸ್‌ಓನೇಮ್ ಕೊಡಿ.

ಹಂತ 3: ಲಿಂಕರ್‌ಗೆ ದಾರಿ ಹೇಳುವುದು

'ಕೆಲಸ' ಫೋಲ್ಡರಿಗೆ ವಾಪಸ್ ಬನ್ನಿ. ಬೇಕೆಂದೇ ಮೊದಲು ತಪ್ಪಾಗಿ ಮಾಡೋಣ. ಯಾವ ತಪ್ಪಿಗೆ ಯಾವ ಎರರ್ ಬರುತ್ತದೆ ಅಂತ ಗೊತ್ತಿದ್ದರೆ ಮುಂದೆ ಅರ್ಧ ಕೆಲಸ ಉಳಿಯುತ್ತದೆ.

ಜಿಸಿಸಿ ಲೆಕ್ಕ.ಸಿ -ಓ ಲೆಕ್ಕ

ಇದಕ್ಕೆ 'ಎಣಿಕೆ.ಹೆಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅನ್ನುತ್ತದೆ. ಇದು ಹೆಡರ್ ಸಿಗದ ಎರರ್. ಲೈಬ್ರರಿಗೂ ಇದಕ್ಕೂ ಸಂಬಂಧವೇ ಇಲ್ಲ. ದೊಡ್ಡ ಐ ಆಪ್ಷನ್ ಸೇರಿಸಿ:

ಜಿಸಿಸಿ ಲೆಕ್ಕ.ಸಿ -ಐ ಕೋಶ -ಓ ಲೆಕ್ಕ

ಈಗ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಣಿಸು'. ಕಂಪೈಲರ್‌ಗೆ ಘೋಷಣೆ ಸಿಕ್ಕಿದೆ. ಆದರೆ ಫಂಕ್ಷನ್ ಎಲ್ಲಿದೆ ಅಂತ ಲಿಂಕರ್‌ಗೆ ಗೊತ್ತಿಲ್ಲ. ಲೈಬ್ರರಿಯ ಹೆಸರು ಹೇಳೋಣ:

ಜಿಸಿಸಿ ಲೆಕ್ಕ.ಸಿ -ಐ ಕೋಶ -ಎಲ್ ಎಣಿಕೆ -ಓ ಲೆಕ್ಕ

ಇಲ್ಲಿ ಎಲ್ ಸಣ್ಣದು. ಮುಂದಿನ 'ಲಿಬ್', ಹಿಂದಿನ 'ಎಸ್‌ಓ' ಎರಡನ್ನೂ ಬಿಟ್ಟು ನಡುವಿನ ಹೆಸರನ್ನಷ್ಟೇ ಕೊಡಬೇಕು. ಆ ಎರಡನ್ನೂ ಲಿಂಕರ್ ತಾನೇ ಸೇರಿಸಿಕೊಳ್ಳುತ್ತಾನೆ. ಈಗ ಬರುವ ಎರರ್ 'ಕೆನಾಟ್ ಫೈಂಡ್'. ಹೆಸರು ಗೊತ್ತಾಯಿತು, ಜಾಗ ಗೊತ್ತಿಲ್ಲ. ದೊಡ್ಡ ಎಲ್ ಆಪ್ಷನ್ ಜಾಗ ಹೇಳುತ್ತದೆ:

ಜಿಸಿಸಿ ಲೆಕ್ಕ.ಸಿ -ಐ ಕೋಶ -ಎಲ್ ಕೋಶ -ಎಲ್ ಎಣಿಕೆ -ಓ ಲೆಕ್ಕ

ಮೊದಲ ಎಲ್ ದೊಡ್ಡದು, ಎರಡನೆಯದು ಸಣ್ಣದು. ಆಪ್ಷನ್ನಿಗೂ ಹೆಸರಿಗೂ ನಡುವೆ ಜಾಗ ಬಿಡದೆ ಅಂಟಿಸಿ ಬರೆಯುವುದೇ ರೂಢಿ. ಬಿಟ್ಟರೂ ಜಿಸಿಸಿ ಒಪ್ಪುತ್ತದೆ. ಈಗ ಎರರ್ ಇಲ್ಲದೆ ಮುಗಿಯುತ್ತದೆ.

ಕ್ರಮದ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ಎಡವುವವರು ಜಾಸ್ತಿ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾನೆ. ಲೈಬ್ರರಿಯ ಹೆಸರು ಅದನ್ನು ಬಳಸುವ ಫೈಲಿನ ನಂತರವೇ ಬರಬೇಕು. ಉಬುಂಟುವಿನಲ್ಲಿ ಜಿಸಿಸಿ ತಾನಾಗಿಯೇ 'ಆ್ಯಸ್-ನೀಡೆಡ್' ಅನ್ನುವ ಆಪ್ಷನ್ನನ್ನು ಲಿಂಕರ್‌ಗೆ ಕಳಿಸುತ್ತದೆ. ಅದರ ಪ್ರಕಾರ, ಲೈಬ್ರರಿ ಎದುರಾಗುವ ಹೊತ್ತಿಗೆ ಅದರ ಅಗತ್ಯ ಕಾಣದಿದ್ದರೆ ಲಿಂಕರ್ ಅದನ್ನು ಬಿಟ್ಟುಬಿಡುತ್ತಾನೆ. ಲೆಕ್ಕ.ಸಿಗಿಂತ ಮೊದಲೇ ಎಣಿಕೆಯ ಹೆಸರು ಬರೆದರೆ ಮತ್ತೆ 'ಅನ್‌ಡಿಫೈನ್ಡ್ ರೆಫರೆನ್ಸ್'. ಲೈಬ್ರರಿ ಇದೆ, ಹೆಸರು ಸರಿಯಿದೆ, ಜಾಗ ಸರಿಯಿದೆ, ಆದರೂ ಆಗುತ್ತಿಲ್ಲ ಅನ್ನುವಾಗ ಮೊದಲು ಕ್ರಮ ನೋಡಿ.

ಗಣಿತದ ಲೈಬ್ರರಿಯಲ್ಲೂ ಇಂಥದ್ದೊಂದು ಗೊಂದಲ ಇದೆ. ವರ್ಗಮೂಲ ಕೊಡುವ 'ಎಸ್‌ಕ್ಯುಆರ್‌ಟಿ' ಫಂಕ್ಷನ್‌ಗೆ ನೇರವಾಗಿ 2.0 ಕೊಟ್ಟರೆ, ಸಣ್ಣ ಎಲ್ ಜೊತೆ 'ಎಂ' ಕೊಡದೆಯೂ ಲಿಂಕ್ ಆಗುತ್ತದೆ. ಉತ್ತರವನ್ನು ಜಿಸಿಸಿ ಕಂಪೈಲ್ ಮಾಡುವಾಗಲೇ ಲೆಕ್ಕ ಹಾಕಿಬಿಡುತ್ತದೆ, ಫಂಕ್ಷನ್ನಿನ ಅಗತ್ಯವೇ ಬೀಳುವುದಿಲ್ಲ. ಬಳಕೆದಾರ ಕೊಟ್ಟ ಸಂಖ್ಯೆಯನ್ನು ಹಾಕಿದ ತಕ್ಷಣ ಎರರ್. ವಿದ್ಯಾರ್ಥಿಗಳು 'ನಿನ್ನೆ ಓಡುತ್ತಿತ್ತು' ಅಂದಾಗ ನಂಬಿ. ನಿಜವಾಗಿಯೂ ಓಡುತ್ತಿತ್ತು.

ಲಿಂಕರ್‌ಗೆ ಒಂದು ಲೈಬ್ರರಿ ಎಲ್ಲಿ ಸಿಗುತ್ತಿದೆ ಅಂತ ತಿಳಿಯಲು:

ಜಿಸಿಸಿ -ಪ್ರಿಂಟ್-ಫೈಲ್-ನೇಮ್=ಲಿಬ್‌ಎಂ.ಎಸ್‌ಓ

ಸಿಕ್ಕಿದರೆ ಪೂರ್ತಿ ಪಾತ್ ಬರುತ್ತದೆ. ಸಿಗದಿದ್ದರೆ ನೀವು ಕೊಟ್ಟ ಹೆಸರೇ ವಾಪಸ್ ಬರುತ್ತದೆ. ಇನ್ನೊಂದು ವಿಷಯ: ಒಂದೇ ಫೋಲ್ಡರಿನಲ್ಲಿ ಎಸ್‌ಓ ಫೈಲೂ, ಸ್ಟ್ಯಾಟಿಕ್ ಲೈಬ್ರರಿಯ (ಪ್ರೋಗ್ರಾಮ್‌ನೊಳಗೇ ನಕಲಾಗಿ ಸೇರುವ ಬಗೆಯದು) ಎ ಫೈಲೂ ಇದ್ದರೆ ಲಿಂಕರ್ ಎಸ್‌ಓ ಫೈಲನ್ನೇ ಆರಿಸಿಕೊಳ್ಳುತ್ತಾನೆ.

ಹಂತ 4: ಓಡಿಸಿ ನೋಡುವುದು

./ಲೆಕ್ಕ ಕನ್ನಡ

ಇಲ್ಲೇ ಮೊದಲು ಹೇಳಿದ ಎರರ್ ಬರುತ್ತದೆ: 'ಲಿಬ್‌ಎಣಿಕೆ.ಎಸ್‌ಓ.1: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್'. ಹೆಸರನ್ನು ಗಮನಿಸಿ. ನೀವು ಕೊಟ್ಟದ್ದು ಬರೀ 'ಎಣಿಕೆ'. ಲೋಡರ್ ಕೇಳುತ್ತಿರುವುದು ಕೊನೆಯಲ್ಲಿ 1 ಇರುವ ಎಸ್‌ಓನೇಮನ್ನು. ಪ್ರೋಗ್ರಾಮ್‌ನೊಳಗೆ ಏನು ಬರೆದಿದೆ ಅಂತ ನೋಡೋಣ:

ರೀಡ್‌ಎಲ್ಫ್ -ಡಿ ಲೆಕ್ಕ

'ನೀಡೆಡ್' ಅನ್ನುವ ಸಾಲುಗಳಲ್ಲಿ ಎರಡು ಹೆಸರು ಕಾಣುತ್ತವೆ: ಲಿಬ್‌ಎಣಿಕೆ.ಎಸ್‌ಓ.1 ಮತ್ತು ಲಿಬ್‌ಸಿ.ಎಸ್‌ಓ.6. ಬರೀ ಹೆಸರು, ಪಾತ್ ಇಲ್ಲ. 'ಕೋಶ' ಅನ್ನುವ ಪದ ಎಲ್ಲೂ ಇಲ್ಲ. ದೊಡ್ಡ ಎಲ್ ಕೊಟ್ಟು ನೀವು ಹೇಳಿದ ಜಾಗವನ್ನು ಲಿಂಕರ್ ಬಳಸಿ ಮರೆತುಬಿಟ್ಟ. ಅವನ ತಪ್ಪೇನಿಲ್ಲ. ಕಂಪೈಲ್ ಮಾಡುವ ಯಂತ್ರ ಒಂದು, ಓಡಿಸುವ ಯಂತ್ರ ಇನ್ನೊಂದು ಇರಬಹುದು. ಅಲ್ಲಿ ನಿಮ್ಮ 'ಕೋಶ' ಫೋಲ್ಡರ್ ಇರುವುದೇ ಇಲ್ಲ, ಅಲ್ವಾ?

ಹಾಗಾದರೆ ಲೋಡರ್ ಎಲ್ಲೆಲ್ಲಿ ಹುಡುಕುತ್ತಾನೆ? ಕ್ರಮ ಹೀಗಿದೆ. ಮೊದಲು ಪ್ರೋಗ್ರಾಮ್‌ನೊಳಗೆ ಬರೆದಿಟ್ಟ, ಆರ್‌ಪಾತ್ ಅನ್ನುವ ದಾರಿ. ಇದು ಅದರ ಹೊಸ ರೂಪವಾದ ರನ್‌ಪಾತ್ ಇಲ್ಲದಿದ್ದರೆ ಮಾತ್ರ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್. ಆಮೇಲೆ ಪ್ರೋಗ್ರಾಮ್‌ನೊಳಗಿನ ರನ್‌ಪಾತ್. ಆಮೇಲೆ /ಇಟಿಸಿ/ಎಲ್‌ಡಿ.ಎಸ್‌ಓ.ಕ್ಯಾಷ್ ಅನ್ನುವ ಪಟ್ಟಿ. ಕೊನೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್. ನೀವು ಈಗ ನಿಂತಿರುವ ಫೋಲ್ಡರ್ ಈ ಸಾಲಿನಲ್ಲಿ ಇಲ್ಲ. ವಿಂಡೋಸ್‌ನಲ್ಲಿ ಅಭ್ಯಾಸ ಆದವರು ಲೈಬ್ರರಿಯನ್ನು ಪ್ರೋಗ್ರಾಮ್ ಪಕ್ಕದಲ್ಲಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಸುಮ್ನೆ ಪಕ್ಕದಲ್ಲಿಟ್ಟರೆ ಆಗುವುದಿಲ್ಲ.

ಹಂತ 5: ಲೋಡರ್‌ಗೆ ದಾರಿ ಹೇಳುವ ಮೂರು ಬಗೆ

ಪರೀಕ್ಷೆ ಮಾಡುವಾಗ: ಎನ್ವಿರಾನ್‌ಮೆಂಟ್ ವೇರಿಯಬಲ್.

ಎಲ್‌ಡಿ_ಲೈಬ್ರರಿ_ಪಾತ್=$ಪಿಡಬ್ಲ್ಯುಡಿ/ಕೋಶ ./ಲೆಕ್ಕ ಕನ್ನಡ

ವೇರಿಯಬಲ್ ಹೆಸರುಗಳೆಲ್ಲ ದೊಡ್ಡಕ್ಷರ. ಈಗ 5 ಅಂತ ಬರಬೇಕು. ಇದು ಆ ಒಂದು ಸಲಕ್ಕೆ ಮಾತ್ರ. ಹಾಗೇ ಇರಲಿ.

ಇದನ್ನು, ಟರ್ಮಿನಲ್‌ನ ಶೆಲ್ ಶುರುವಾದಾಗಲೆಲ್ಲ ಓದುವ .ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಖಾಯಂ ಆಗಿ ಬರೆದಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಯಂತ್ರದಲ್ಲಿ ಯಾರೋ ಹೀಗೆ ಬರೆದಿಟ್ಟಿದ್ದರು. ಆ ಫೋಲ್ಡರಿನಲ್ಲಿ ಒಂದು ಲೈಬ್ರರಿಯ ಹಳೇ ಪ್ರತಿ ಕೂತಿತ್ತು. ನಾವು ಹೊಸದನ್ನು ಸರಿಯಾದ ಜಾಗದಲ್ಲಿ ಹಾಕಿದ್ದೆವು. ಆದರೆ ಈ ವೇರಿಯಬಲ್ ಸಿಸ್ಟಮ್ ಪಟ್ಟಿಗಿಂತ ಮೊದಲು ಬರುತ್ತದೆ. ಸರಿಪಡಿಸಿದ ಬಗ್ ಮತ್ತೆ ಮತ್ತೆ ಕಾಣಿಸುತ್ತಿತ್ತು. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಅದು ಒಂದು ಪ್ರೋಗ್ರಾಮಿಗೆ ಮಾತ್ರ ಅನ್ವಯಿಸುವುದಿಲ್ಲ, ಆ ಶೆಲ್‌ನಿಂದ ಶುರುವಾಗುವ ಎಲ್ಲಕ್ಕೂ ಅನ್ವಯಿಸುತ್ತದೆ.

ಇನ್ನೆರಡು ಎಚ್ಚರಿಕೆ. ಈ ವೇರಿಯಬಲ್‌ನ ಹಳೆಯ ಮೌಲ್ಯಕ್ಕೆ ಹೊಸ ಪಾತ್ ಸೇರಿಸುವಾಗ, ಹಳೆಯದು ಖಾಲಿ ಇದ್ದರೆ ಕೊನೆಯಲ್ಲಿ ಬರೀ ಒಂದು ಕೋಲನ್ ಉಳಿಯುತ್ತದೆ. ಖಾಲಿ ಜಾಗ ಅಂದರೆ 'ಈಗಿರುವ ಫೋಲ್ಡರ್' ಅಂತ ಲೋಡರ್ ತಿಳಿಯುತ್ತಾನೆ. ಗೊತ್ತಿಲ್ಲದವರ ಫೋಲ್ಡರಿನೊಳಗೆ ಹೋಗಿ ಕಮಾಂಡ್ ಕೊಟ್ಟರೆ ಅವರ ಲೈಬ್ರರಿ ಲೋಡ್ ಆಗಬಹುದು. ಎರಡನೆಯದು, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮೂಲಕ ಓಡಿಸಿದರೆ ಈ ವೇರಿಯಬಲ್ ಒಳಗೆ ತಲುಪುವುದಿಲ್ಲ. ಫೈಲಿನ ಮಾಲೀಕರ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಪ್ರೋಗ್ರಾಮ್‌ಗಳಲ್ಲೂ ಲೋಡರ್ ಇದನ್ನು ಕಡೆಗಣಿಸುತ್ತಾನೆ. ಅದು ಭದ್ರತೆಗಾಗಿ ಮಾಡಿದ ವ್ಯವಸ್ಥೆ.

ಇಡೀ ಯಂತ್ರಕ್ಕೆ ಬೇಕಾದಾಗ: ಎಲ್‌ಡಿಕಾನ್ಫಿಗ್.

ಯಂತ್ರದಲ್ಲಿರುವ ಎಲ್ಲರೂ ಬಳಸುವ ಲೈಬ್ರರಿ ಆದರೆ ನಿಜವಾದ ಫೈಲನ್ನೂ ಲಿಂಕರ್ ಹೆಸರಿನ ಲಿಂಕನ್ನೂ /ಯುಎಸ್‌ಆರ್/ಲೋಕಲ್/ಲಿಬ್ ಒಳಗೆ ಹಾಕಿ. ಆಮೇಲೆ:

ಸುಡೋ ಎಲ್‌ಡಿಕಾನ್ಫಿಗ್

ಇದು ಗೊತ್ತಿರುವ ಫೋಲ್ಡರುಗಳನ್ನೆಲ್ಲ ತಿರುವಿ ಹಾಕಿ, ಎಸ್‌ಓನೇಮ್ ಲಿಂಕುಗಳನ್ನು ತಾನೇ ಮಾಡಿ, ಕ್ಯಾಷ್ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಅಂಕಿಯಿಲ್ಲದ ಲಿಂಕರ್ ಹೆಸರನ್ನು ಮಾತ್ರ ನೀವೇ ಮಾಡಬೇಕು. ಫೈಲ್ ಹಾಕಿ ಈ ಕಮಾಂಡ್ ಮರೆತರೆ ಲೋಡರ್‌ಗೆ ಅದು ಕಾಣುವುದೇ ಇಲ್ಲ. ಸೋರ್ಸ್ ಕೋಡ್ ತಂದು 'ಮೇಕ್ ಇನ್‌ಸ್ಟಾಲ್' ಮಾಡಿದ ಮೇಲೂ ಲೈಬ್ರರಿ ಸಿಗದಿರುವುದಕ್ಕೆ ಬಹುತೇಕ ಇದೇ ಕಾರಣ. ಬೇರೆ ಫೋಲ್ಡರ್ ಸೇರಿಸಬೇಕಾದರೆ /ಇಟಿಸಿ/ಎಲ್‌ಡಿ.ಎಸ್‌ಓ.ಕಾನ್ಫ್.ಡಿ ಒಳಗೆ 'ಕಾನ್ಫ್' ಎಂದು ಮುಗಿಯುವ ಒಂದು ಫೈಲ್ ಮಾಡಿ, ಒಂದು ಸಾಲಿನಲ್ಲಿ ಪೂರ್ತಿ ಪಾತ್ ಬರೆದು, ಮತ್ತೆ ಎಲ್‌ಡಿಕಾನ್ಫಿಗ್ ಓಡಿಸಿ. ಫೆಡೋರಾದಲ್ಲಿ /ಯುಎಸ್‌ಆರ್/ಲೋಕಲ್/ಲಿಬ್ ಕೂಡ ಮೊದಲಿಂದ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಅದನ್ನೂ ಹೀಗೇ ಸೇರಿಸಬೇಕು. ಪಟ್ಟಿಯಲ್ಲಿ ಏನಿದೆ ಅಂತ ನೋಡಲು 'ಎಲ್‌ಡಿಕಾನ್ಫಿಗ್ -ಪಿ' ಕೊಟ್ಟು ಗ್ರೆಪ್ ಕಮಾಂಡಿನಿಂದ ಹೆಸರು ಹುಡುಕಿ.

ಪ್ರೋಗ್ರಾಮ್ ಜೊತೆಗೇ ಲೈಬ್ರರಿ ಕೊಡುವಾಗ: ರನ್‌ಪಾತ್.

ನನಗೆ ಬಹಳ ಇಷ್ಟವಾದ ಬಗೆ ಇದು. ಸುಡೋ ಬೇಡ, ವೇರಿಯಬಲ್ ಬೇಡ. ದಾರಿಯನ್ನು ಪ್ರೋಗ್ರಾಮ್‌ನೊಳಗೇ ಬರೆದಿಡುವುದು:

ಜಿಸಿಸಿ ಲೆಕ್ಕ.ಸಿ -ಐ ಕೋಶ -ಎಲ್ ಕೋಶ -ಎಲ್ ಎಣಿಕೆ -ಡಬ್ಲ್ಯುಎಲ್,-ಆರ್‌ಪಾತ್,'$ಒರಿಜಿನ್/ಕೋಶ' -ಓ ಲೆಕ್ಕ

'ಒರಿಜಿನ್' ದೊಡ್ಡಕ್ಷರದಲ್ಲಿರಲಿ. ಅದರ ಅರ್ಥ 'ಪ್ರೋಗ್ರಾಮ್ ಫೈಲ್ ಇರುವ ಫೋಲ್ಡರ್'. ಇಡೀ 'ಕೆಲಸ' ಫೋಲ್ಡರನ್ನು ಬೇರೆ ಜಾಗಕ್ಕೆ ಸರಿಸಿದರೂ ಓಡುತ್ತದೆ. ಪ್ರೋಗ್ರಾಮ್ 'ಬಿನ್' ಫೋಲ್ಡರಿನಲ್ಲೂ ಲೈಬ್ರರಿ ಅದರ ಪಕ್ಕದ 'ಲಿಬ್' ಫೋಲ್ಡರಿನಲ್ಲೂ ಇದ್ದರೆ '$ಒರಿಜಿನ್/../ಲಿಬ್' ಅಂತ ಬರೆಯಿರಿ. ಸಿಂಗಲ್ ಕೋಟ್ ಮರೆಯಬೇಡಿ. ಮರೆತರೆ ಶೆಲ್ ಅದನ್ನು ತನ್ನ ವೇರಿಯಬಲ್ ಅಂದುಕೊಂಡು ಖಾಲಿ ಮಾಡಿಬಿಡುತ್ತದೆ. ಮೇಕ್‌ಫೈಲಿನಲ್ಲಿ ಡಾಲರ್ ಚಿಹ್ನೆ ಎರಡು ಸಲ ಬೇಕು. ಬರೆದದ್ದು ಸರಿಯಾಗಿ ಕೂತಿದೆಯೇ ಅಂತ 'ರೀಡ್‌ಎಲ್ಫ್ -ಡಿ' ಕೊಟ್ಟು ನೋಡಿ.

ಅಲ್ಲಿ ಈಗಿನ ಹಲವು ಲಿನಕ್ಸ್‌ಗಳಲ್ಲಿ ಕಾಣುವುದು ರನ್‌ಪಾತ್. ಹಳೆಯ ಆರ್‌ಪಾತ್‌ಗೂ ಇದಕ್ಕೂ ಎರಡು ವ್ಯತ್ಯಾಸ. ರನ್‌ಪಾತ್‌ಗಿಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಮೊದಲು ಬರುತ್ತದೆ. ಜೊತೆಗೆ, ರನ್‌ಪಾತ್ ಪ್ರೋಗ್ರಾಮಿಗೆ ನೇರವಾಗಿ ಬೇಕಾದ ಲೈಬ್ರರಿಗಳಿಗೆ ಮಾತ್ರ ಅನ್ವಯ. ನಿಮ್ಮ ಲೈಬ್ರರಿಗೆ ಇನ್ನೊಂದು ಲೈಬ್ರರಿ ಬೇಕಿದ್ದು, ಅದೂ ಕೋಶದಲ್ಲೇ ಇದ್ದರೆ, ಆ ಲೈಬ್ರರಿಯನ್ನು ಕಟ್ಟುವಾಗಲೂ ಅದರೊಳಗೆ '$ಒರಿಜಿನ್' ಬರೆಯಬೇಕು. 'ಒಂದು ಸಿಕ್ಕಿತು, ಅದರ ಹಿಂದಿನದು ಸಿಗಲಿಲ್ಲ' ಅನ್ನುವ ತೊಂದರೆಯ ಮೂಲ ಇದೇ. ಆಗಲೇ ಕಂಪೈಲ್ ಆದ ಪ್ರೋಗ್ರಾಮ್ ಮಾತ್ರ ಕೈಯಲ್ಲಿದ್ದು ಸೋರ್ಸ್ ಇಲ್ಲದಿದ್ದರೆ 'ಪ್ಯಾಚ್‌ಎಲ್ಫ್' ಅನ್ನುವ ಸಾಧನದಿಂದ ರನ್‌ಪಾತ್ ಬದಲಾಯಿಸಬಹುದು.

ಸಿಮೇಕ್ ಬಳಸುವವರಿಗೆ: ಅದು ಬಿಲ್ಡ್ ಫೋಲ್ಡರಿನಲ್ಲಿ ರನ್‌ಪಾತ್ ತಾನೇ ಹಾಕುತ್ತದೆ, ಇನ್‌ಸ್ಟಾಲ್ ಮಾಡುವಾಗ ತೆಗೆಯುತ್ತದೆ. ಬಿಲ್ಡ್ ಫೋಲ್ಡರಿನಲ್ಲಿ ಓಡಿದ್ದು ಇನ್‌ಸ್ಟಾಲ್ ಆದ ಮೇಲೆ ಓಡದಿದ್ದರೆ ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್ ಅನ್ನುವ ವೇರಿಯಬಲ್ ಹೊಂದಿಸಿ, ಎಲ್ಲ ದೊಡ್ಡಕ್ಷರ.

ಹಂತ 6: ಪ್ರೋಗ್ರಾಮ್ ಮುಟ್ಟದೆ ಲೈಬ್ರರಿ ಬದಲಾಯಿಸುವುದು

ಇಷ್ಟೆಲ್ಲ ಕಷ್ಟಪಟ್ಟದ್ದರ ಫಲ ಕಾಣುವುದು ಇಲ್ಲಿ. ನಮ್ಮ ಪ್ರೋಗ್ರಾಮ್ 'ಕನ್ನಡ' ಪದಕ್ಕೆ 5 ಅನ್ನುತ್ತಿದೆ. ನಮಗೆ ಬೇಕಾದದ್ದು 3. ಎಣಿಕೆ.ಸಿ ಫೈಲನ್ನು ತಿದ್ದಿ. ಸ್ವರ ಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಎಣಿಸಬೇಡಿ. ಹಲಂತದ ಚಿಹ್ನೆಯನ್ನೂ, ಅದರ ನಂತರವೇ ಬರುವ ವ್ಯಂಜನವನ್ನೂ ಬಿಟ್ಟುಬಿಡಿ. ಹಲಂತದ ನಂತರ ವ್ಯಂಜನ ಇಲ್ಲದಿದ್ದರೆ ಚಿಹ್ನೆಯನ್ನಷ್ಟೇ ಬಿಡಿ. ಆಗ 'ಬಸ್' ಪದಕ್ಕೂ ಸರಿಯಾಗಿ 2 ಬರುತ್ತದೆ. ಹಲಂತದ ಯೂನಿಕೋಡ್ ಸಂಖ್ಯೆ ಹೆಕ್ಸಾಡೆಸಿಮಲ್‌ನಲ್ಲಿ 0ಸಿಸಿಡಿ.

ಕೋಶ ಫೋಲ್ಡರಿನಲ್ಲಿ ಹಂತ 2ರ ಎರಡೂ ಜಿಸಿಸಿ ಕಮಾಂಡ್ ಮತ್ತೆ ಕೊಡಿ. ಎಸ್‌ಓನೇಮ್ ಅದೇ ಇರಲಿ, ಕೊನೆಯಲ್ಲಿ 1. ಫೈಲಿನ ಹೆಸರು ಮಾತ್ರ ಲಿಬ್‌ಎಣಿಕೆ.ಎಸ್‌ಓ.1.1. ಆಮೇಲೆ ಲಿಂಕನ್ನು ಹೊಸದರ ಕಡೆ ತಿರುಗಿಸಿ:

ಎಲ್‌ಎನ್ -ಎಸ್‌ಎಫ್ ಲಿಬ್‌ಎಣಿಕೆ.ಎಸ್‌ಓ.1.1 ಲಿಬ್‌ಎಣಿಕೆ.ಎಸ್‌ಓ.1

ಈಗ ./ಲೆಕ್ಕ ಕನ್ನಡ ಕೊಡಿ. 3 ಬರುತ್ತದೆ. ಲೆಕ್ಕವನ್ನು ಮತ್ತೆ ಕಂಪೈಲ್ ಮಾಡಿಲ್ಲ, ಮುಟ್ಟಿಯೂ ಇಲ್ಲ. ಭದ್ರತೆಯ ತಪ್ಪೊಂದನ್ನು ಲೈಬ್ರರಿಯಲ್ಲಿ ಸರಿಮಾಡಿದರೆ, ಅದನ್ನು ಬಳಸುವ ನೂರಾರು ಪ್ರೋಗ್ರಾಮ್‌ಗಳು ಮುಂದಿನ ಸಲ ಶುರುವಾದಾಗ ತಾವೇ ಸರಿಯಾಗುವುದು ಹೀಗೇ.

ಹೊಸ ಫೈಲನ್ನು ಹಳೆಯದರ ಮೇಲೆಯೇ 'ಸಿಪಿ' ಮಾಡಬೇಡಿ. ಓಡುತ್ತಿರುವ ಪ್ರೋಗ್ರಾಮ್ ಆ ಫೈಲನ್ನೇ ಮೆಮೊರಿಗೆ ಜೋಡಿಸಿಕೊಂಡಿರುತ್ತದೆ. ಅದರ ಕಾಲಡಿಯ ನೆಲ ಬದಲಾಗಿ ಕ್ರ್ಯಾಷ್ ಆಗಬಹುದು. ಹೊಸ ಹೆಸರಿನಲ್ಲಿ ಫೈಲಿಟ್ಟು ಲಿಂಕ್ ತಿರುಗಿಸುವುದೇ ಸರಿಯಾದ ಕ್ರಮ.

ಎಸ್‌ಓನೇಮಿನ ಅಂಕಿ ಯಾವಾಗ ಏರಿಸಬೇಕು? ಹಳೆಯ ಪ್ರೋಗ್ರಾಮ್ ಹೊಸ ಲೈಬ್ರರಿ ಜೊತೆ ಓಡಲಾರದು ಅನ್ನುವಂಥ ಬದಲಾವಣೆ ಮಾಡಿದಾಗ. 'ಎಣಿಸು' ಫಂಕ್ಷನ್‌ಗೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿದಿರಿ ಅನ್ನಿ. ಹಳೆಯ ಪ್ರೋಗ್ರಾಮ್ ಒಂದನ್ನೇ ಕಳಿಸುತ್ತದೆ. ಲೋಡರ್ ಹೆಸರು ಮಾತ್ರ ನೋಡುತ್ತಾನೆ, ಆರ್ಗ್ಯುಮೆಂಟ್ ಎಣಿಸುವುದಿಲ್ಲ. ಎರರ್ ಕೂಡ ಬರದೆ ತಪ್ಪು ಉತ್ತರ ಬರುತ್ತದೆ. ಆಗ ಎಸ್‌ಓನೇಮನ್ನು 2 ಮಾಡಿ. ಹಳೆಯ ಪ್ರೋಗ್ರಾಮ್‌ಗಳು 1ರ ಜೊತೆ, ಹೊಸವು 2ರ ಜೊತೆ, ಒಂದೇ ಯಂತ್ರದಲ್ಲಿ ಒಟ್ಟಿಗೆ ಬದುಕುತ್ತವೆ.

ಹಂತ 7: ಬೇರೆಯವರ ಲೈಬ್ರರಿ ಬಳಸುವುದು

ನಿಜವಾದ ಕೆಲಸದಲ್ಲಿ ಜಾಸ್ತಿ ಬಳಸುವುದು ಬೇರೆಯವರ ಲೈಬ್ರರಿಗಳನ್ನೇ. ಹಾರ್ಫ್‌ಬಝ್ ತೆಗೆದುಕೊಳ್ಳೋಣ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳನ್ನು ಫಾಂಟಿನಿಂದ ಆರಿಸಿ ಸರಿಯಾದ ಜಾಗದಲ್ಲಿ ಕೂರಿಸುವ ಲೈಬ್ರರಿ ಇದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲವೂ ಇದನ್ನು ಬಳಸುತ್ತವೆ.

ನಿಮ್ಮ ಯಂತ್ರದಲ್ಲಿ ಲಿಬ್‌ಹಾರ್ಫ್‌ಬಝ್.ಎಸ್‌ಓ.0 ಆಗಲೇ ಇರಬಹುದು. ಆದರೂ ಲಿಂಕ್ ಮಾಡಲು ಹೋದರೆ 'ಕೆನಾಟ್ ಫೈಂಡ್' ಬರುತ್ತದೆ. ಮೂರು ಹೆಸರುಗಳನ್ನು ನೆನಪಿಸಿಕೊಳ್ಳಿ. ಇರುವುದು ಲೋಡರ್‌ನ ಹೆಸರು. ಲಿಂಕರ್‌ಗೆ ಬೇಕಾದ ಅಂಕಿಯಿಲ್ಲದ ಹೆಸರು ಮತ್ತು ಹೆಡರ್ ಫೈಲುಗಳು ಬೇರೆ ಪ್ಯಾಕೇಜಿನಲ್ಲಿವೆ:

ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಲಿಬ್‌ಹಾರ್ಫ್‌ಬಝ್-ಡೆವ್

ಡೆಬಿಯನ್, ಉಬುಂಟುವಿನಲ್ಲಿ ಈ ಬಗೆಯ ಪ್ಯಾಕೇಜುಗಳ ಹೆಸರು 'ಡೆವ್' ಅಂತ ಮುಗಿಯುತ್ತದೆ, ಫೆಡೋರಾದಲ್ಲಿ 'ಡೆವೆಲ್' ಅಂತ. ಓಡಿಸಲು ಮಾತ್ರ ಬೇಕಾದವರಿಗೆ ಇದು ಬೇಡ. ದಯವಿಟ್ಟು ಅಂಕಿಯಿಲ್ಲದ ಲಿಂಕನ್ನು /ಯುಎಸ್‌ಆರ್/ಲಿಬ್ ಒಳಗೆ ಕೈಯಿಂದ ಮಾಡಲು ಹೋಗಬೇಡಿ. ಲಿಂಕ್ ಸಿಕ್ಕರೂ ಹೆಡರ್ ಸಿಗುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಮುರಿದು ಬೀಳಬಹುದು.

ಯಾವ ಆಪ್ಷನ್ ಕೊಡಬೇಕು ಅಂತ ಊಹಿಸುವುದೂ ಬೇಡ:

ಜಿಸಿಸಿ ಬರಹ.ಸಿ -ಓ ಬರಹ $(ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಹಾರ್ಫ್‌ಬಝ್)

ಈ ಸಾಧನ, ಲೈಬ್ರರಿಯ ವಿವರ ಬರೆದಿಟ್ಟ, '.ಪಿಸಿ' ಎಂದು ಮುಗಿಯುವ ಫೈಲುಗಳನ್ನು ಓದಿ ಬೇಕಾದ ಆಪ್ಷನ್ನುಗಳನ್ನು ತಾನೇ ತುಂಬುತ್ತದೆ. ಆ ಭಾಗವನ್ನು ಸೋರ್ಸ್ ಫೈಲಿನ ನಂತರ ಇಟ್ಟಿದ್ದು ಹಂತ 3ರಲ್ಲಿ ಹೇಳಿದ ಕಾರಣಕ್ಕೆ. ಲೈಬ್ರರಿಯನ್ನು ಬೇರೆ ಜಾಗದಲ್ಲಿ ಹಾಕಿದ್ದರೆ ಪಿಕೆಜಿ_ಕಾನ್ಫಿಗ್_ಪಾತ್ ವೇರಿಯಬಲ್‌ನಲ್ಲಿ ಆ ಪಿಸಿ ಫೈಲಿರುವ ಫೋಲ್ಡರ್ ಕೊಡಿ. ಆದರೆ ಇದು ಲಿಂಕರ್‌ಗೆ ಹೇಳಿದ ದಾರಿ ಮಾತ್ರ. ಲೋಡರ್‌ಗೆ ಬೇರೆಯಾಗಿಯೇ ಹೇಳಬೇಕು.

ಹಂತ 8: ಏನೂ ತೋಚದಾಗ

ಮೊದಲು 'ಎಲ್‌ಡಿಡಿ ./ಲೆಕ್ಕ' ಕೊಡಿ. ಪ್ರತಿ ಲೈಬ್ರರಿಯೂ ಯಾವ ಪಾತ್‌ನಲ್ಲಿ ಸಿಕ್ಕಿತು ಅಂತ ತೋರಿಸುತ್ತದೆ. ಸಿಗದಿದ್ದರೆ 'ನಾಟ್ ಫೌಂಡ್'. ಸಿಕ್ಕಿದೆ ಅಂತ ಸುಮ್ಮನಾಗಬೇಡಿ, ನೀವು ಅಂದುಕೊಂಡ ಪಾತ್‌ನಲ್ಲೇ ಸಿಕ್ಕಿದೆಯೇ ನೋಡಿ. ನಂಬಿಕೆಯಿಲ್ಲದ ಕಡೆಯಿಂದ ತಂದ ಫೈಲಿನ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಫೈಲಿನೊಳಗಿನ ಕೋಡನ್ನು ಓಡಿಸಿಬಿಡಬಹುದು. ಅಂಥದಕ್ಕೆ ರೀಡ್‌ಎಲ್ಫ್ ಸಾಕು.

ಆಗಲೂ ಗೊತ್ತಾಗದಿದ್ದರೆ ಲೋಡರ್‌ನನ್ನೇ ಕೇಳಿ:

ಎಲ್‌ಡಿ_ಡೀಬಗ್=ಲಿಬ್ಸ್ ./ಲೆಕ್ಕ ಕನ್ನಡ

ಅವನು ಯಾವ ಯಾವ ಫೋಲ್ಡರಿನ ಬಾಗಿಲು ತಟ್ಟಿದ, ಯಾವ ಕ್ರಮದಲ್ಲಿ, ಯಾರು ಹೇಳಿದ್ದಕ್ಕೆ ಅಲ್ಲಿಗೆ ಹೋದ, ಎಲ್ಲವನ್ನೂ ಸಾಲು ಸಾಲಾಗಿ ಹೇಳುತ್ತಾನೆ. ಮೇಲೆ ಹೇಳಿದ ಹಳೇ ಪ್ರತಿಯ ತೊಂದರೆ ಕೊನೆಗೆ ಸಿಕ್ಕಿದ್ದು ಈ ಒಂದು ಕಮಾಂಡಿನಿಂದ.

ಲೈಬ್ರರಿ ಸಿಕ್ಕಿಯೂ ಫಂಕ್ಷನ್ ಸಿಗದಿದ್ದರೆ 'ಎನ್‌ಎಂ -ಡಿ ಕೋಶ/ಲಿಬ್‌ಎಣಿಕೆ.ಎಸ್‌ಓ' ಕೊಡಿ. ಇಲ್ಲಿ ಡಿ ದೊಡ್ಡದು. ನಿಮ್ಮ ಫಂಕ್ಷನ್ನಿನ ಹೆಸರಿಗಿಂತ ಮೊದಲು ದೊಡ್ಡ ಟಿ ಇದ್ದರೆ ಅದು ಅಲ್ಲಿದೆ. ಹೆಸರಿನ ಸುತ್ತ ವಿಚಿತ್ರ ಅಕ್ಷರ, ಅಂಕಿಗಳು ಸೇರಿಕೊಂಡಿದ್ದರೆ ಲೈಬ್ರರಿಯನ್ನು ಸಿ++ ಕಂಪೈಲರ್ ಕಟ್ಟಿದೆ ಎಂದರ್ಥ. ಸಿ++ ಆರ್ಗ್ಯುಮೆಂಟಿನ ಬಗೆಯನ್ನೂ ಹೆಸರಿನೊಳಗೆ ಹೆಣೆಯುತ್ತದೆ. ಹೆಡರಿನಲ್ಲಿ, ಸಿ++ ಕಂಪೈಲರ್‌ಗೆ ಮಾತ್ರ ಕಾಣುವಂತೆ, 'ಎಕ್ಸ್‌ಟರ್ನ್ "ಸಿ"' ಹಾಕಿ ಲೈಬ್ರರಿಯನ್ನು ಮತ್ತೆ ಕಟ್ಟಿದರೆ ಸರಿಹೋಗುತ್ತದೆ.

ಇನ್ನೊಂದು ಎರರ್ ಜನರನ್ನು ಬಹಳ ಗೋಳು ಹುಯ್ದುಕೊಳ್ಳುತ್ತದೆ. ಪ್ರೋಗ್ರಾಮ್ ಫೈಲ್ ಎಲ್‌ಎಸ್ ಕೊಟ್ಟರೆ ಕಾಣುತ್ತದೆ, ಓಡಿಸಿದರೆ ಆ ಪ್ರೋಗ್ರಾಮೇ ಇಲ್ಲ ಅನ್ನುತ್ತದೆ: 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಇಲ್ಲದಿರುವುದು ಪ್ರೋಗ್ರಾಮ್ ಅಲ್ಲ, ಅದು ಕೇಳುವ ಲೋಡರ್. 'ರೀಡ್‌ಎಲ್ಫ್ -ಎಲ್' ಕೊಟ್ಟರೆ 'ಇಂಟರ್‌ಪ್ರಿಟರ್' ಅನ್ನುವ ಸಾಲಿನಲ್ಲಿ ಅದರ ಪಾತ್ ಕಾಣುತ್ತದೆ. 32 ಬಿಟ್ ಪ್ರೋಗ್ರಾಮನ್ನು ಬರೀ 64 ಬಿಟ್ ಲೈಬ್ರರಿಗಳಿರುವ ಯಂತ್ರದಲ್ಲಿ ಓಡಿಸಿದರೆ ಹೀಗಾಗುತ್ತದೆ. ಆಲ್ಪೈನ್ ಲಿನಕ್ಸ್‌ನಲ್ಲೂ ಹೀಗೇ, ಯಾಕೆಂದರೆ ಅದರಲ್ಲಿರುವುದು ಉಬುಂಟು, ಡೆಬಿಯನ್‌ಗಳ ಸಿ ಲೈಬ್ರರಿಯಾದ ಜಿಲಿಬ್‌ಸಿ ಅಲ್ಲ, ಮಸಲ್ ಅನ್ನುವ ಬೇರೆ ಸಿ ಲೈಬ್ರರಿ.

ಕೊನೆಯದು, 'ವರ್ಷನ್ ಜಿಲಿಬ್‌ಸಿ_2.34 ನಾಟ್ ಫೌಂಡ್'. ಹೊಸ ಯಂತ್ರದಲ್ಲಿ ಕಟ್ಟಿ ಹಳೆಯದರಲ್ಲಿ ಓಡಿಸಿದ್ದೀರಿ. ಉಬುಂಟು 22.04ರಲ್ಲಿರುವ ಜಿಲಿಬ್‌ಸಿ 2.35, ಉಬುಂಟು 20.04ರಲ್ಲಿ 2.31. 2021ರಲ್ಲಿ ಬಂದ 2.34ರಲ್ಲಿ ಪ್ರೋಗ್ರಾಮನ್ನು ಶುರು ಮಾಡುವ ಮೂಲ ಫಂಕ್ಷನ್ನಿಗೇ ಹೊಸ ಆವೃತ್ತಿ ಬಂತು. ಹಾಗಾಗಿ ಒಂದೇ ಸಾಲು ಪ್ರಿಂಟ್ ಮಾಡುವ ಪುಟ್ಟ ಪ್ರೋಗ್ರಾಮ್ ಕೂಡ ಹಿಂದಕ್ಕೆ ಓಡುವುದಿಲ್ಲ. ಇದಕ್ಕೆ ರನ್‌ಪಾತ್ ಮದ್ದಲ್ಲ. ಹೊಸ ಜಿಲಿಬ್‌ಸಿಯನ್ನು ಹಳೆಯ ಯಂತ್ರಕ್ಕೆ ಕಾಪಿ ಮಾಡುವುದಂತೂ ಬೇಡವೇ ಬೇಡ, ಆ ಯಂತ್ರದ ಎಲ್ಲ ಕಮಾಂಡುಗಳೂ ನಿಂತುಹೋಗಬಹುದು. ನೀವು ಬೆಂಬಲಿಸಬೇಕಾದ ಅತಿ ಹಳೆಯ ಲಿನಕ್ಸ್‌ನ ಕಂಟೇನರ್ (ನಿಮ್ಮ ಯಂತ್ರದೊಳಗೇ ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್ ಪರಿಸರ) ತಂದು ಅದರೊಳಗೆ ಕಂಪೈಲ್ ಮಾಡಿ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಕಳಿಸುವ ಮೊದಲು 'ಆಬ್ಜ್‌ಡಂಪ್ -ಟಿ ಲೆಕ್ಕ' ಕೊಟ್ಟು, ಟಿ ದೊಡ್ಡದು, ಅಲ್ಲಿ ಕಾಣುವ ಜಿಲಿಬ್‌ಸಿ ಸಂಖ್ಯೆಗಳಲ್ಲಿ ಅತಿ ದೊಡ್ಡದು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.